ಹಲ್ಲಿನ ಗುರುತಿದ್ದ ಹನ್ನೊಂದು ಗುಂಡುಗಳು

ದೆ ರೈಪ್,
ಗುರುವಾರ, ನವೆಂಬರ್ 10, 1667

ಕಾಲುವೆಯ ಆಚೆ ದಡದ ಬಲೆ ಕೊಟ್ಟಿಗೆಯಲ್ಲಿರುವ ನನ್ನ ಗಂಡ ವಾಲಿಕನಿಗೆ, ಈಚೆ ದಡದ ಮನೆಯಿಂದ ದೀವೆರ್ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನೀನು ಕ್ಷೇಮವೋ ಅಲ್ಲವೋ ಅಡುಗೆಮನೆಯ ಕಿಟಕಿಯಿಂದ ಎಷ್ಟು ಬಗ್ಗಿ ನೋಡಿದರೂ ತಿಳಿಯುವುದಿಲ್ಲ. ಮೂವತ್ತು ಹೆಜ್ಜೆ ದೂರದಲ್ಲಿರುವ ಗಂಡನಿಗೆ ಕಾಗದ ಬರೆಯುವವಳು ಇಡೀ ಹಾಲೆಂಡಿನಲ್ಲಿ ನಾನೊಬ್ಬಳೇ ಇರಬೇಕು. ಬಹಿಷ್ಕಾರ ಬಿದ್ದವನ ಜೊತೆ ಉಣ್ಣಬಾರದು, ಮಲಗಬಾರದು, ಮಾತಾಡಬಾರದು, ಹೆಂಡತಿಯಾದರೂ ಸರಿ ಎಂದು ನಮ್ಮ ಪ್ರಾರ್ಥನಾ ಸಭೆಯ ಹಿರಿಯ ಗೆರ್ಬ್ರಾಂಡ್ ಎಲ್ಲರ ಮುಂದೆ ಓದಿ ಹೇಳಿದರು. ಬರೆಯಬಾರದು ಎಂದು ಹೇಳಲಿಲ್ಲ. ಹೇಳಿಯಾರು ಎಂಬ ಭಯಕ್ಕೆ ನಾನು ಪ್ರಾರ್ಥನೆ ಮುಗಿದ ತಕ್ಷಣ ಎದ್ದು ಬಂದುಬಿಟ್ಟೆ.

ಮೊದಲು ಮನೆಯ ಸಮಾಚಾರ. ಕಪ್ಪು ಕೋಳಿ ಮತ್ತೆ ಮೊಟ್ಟೆ ಇಡುತ್ತಿದೆ. ಹಿಂಬಾಗಿಲ ಬಿಜಾಗರಿ ಕಿರುಗುಟ್ಟುವುದು ನಿಲ್ಲಿಸಿದೆ. ಯಾರು ಬಂದು ಎಣ್ಣೆ ಹಾಕಿದರೋ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಯಾರಿಗೂ ಹೇಳುವುದಿಲ್ಲ. ನಿನ್ನೆ ಕಾಲುವೆಯ ಮೇಲಿನ ಹಲಗೆಯ ತುದಿಯಲ್ಲಿ ನಾನಿಟ್ಟ ಹೆರಿಂಗ್ ಮೀನನ್ನು ನೀನು ಅರ್ಧ ಬಿಟ್ಟಿದ್ದೆ. ಬೆಕ್ಕಿಗೆ ಹಾಕಿದೆ. ಊಟ ಬಿಟ್ಟು ಸಾಯುವ ಯೋಚನೆ ಏನಾದರೂ ಇದ್ದರೆ ಈಗಲೇ ಹೇಳು, ಒಳ್ಳೆಯ ಮೀನನ್ನು ಯಾಕೆ ದಂಡ ಮಾಡಲಿ.

ನನ್ನ ಕುತೂಹಲ ಎಂಥದ್ದು ಎಂದು ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ಮುಚ್ಚಿದ ಮಡಕೆ ಕಂಡರೆ ಇವಳಿಗೆ ನಿದ್ದೆ ಬರುವುದಿಲ್ಲ ಎಂದು ನಮ್ಮಮ್ಮ ನಿನಗೆ ಮದುವೆಯ ದಿನವೇ ಎಚ್ಚರಿಕೆ ಕೊಟ್ಟಿದ್ದಳು. ನೀನು ತಿಮಿಂಗಿಲದ ಬೇಟೆಯಿಂದ ಬಂದಾಗಲೆಲ್ಲ ನಾನು ಕೇಳುತ್ತಿದ್ದೆ, ತಿಮಿಂಗಿಲ ನಿದ್ದೆ ಮಾಡುತ್ತದಾ, ಮರಿಗೆ ಹಾಲು ಹೇಗೆ ಕುಡಿಸುತ್ತದೆ, ಸತ್ತಾಗ ಮುಳುಗುತ್ತದಾ ತೇಲುತ್ತದಾ. ಏಳು ಚಳಿಗಾಲ ನೀನು ಬೇಸರಪಡದೆ ಹೇಳಿದೆ. ಅಂಥವನು ಈ ಬೇಸಿಗೆ ಹಡಗಿನ ಸೈನಿಕನಾಗಿ ಇಂಗ್ಲಿಷರ ಮೇಲೆ ಹೋಗಿ ಬಂದವನು, ಒಂದೇ ಒಂದು ಮಾತು ಹೇಳಲಿಲ್ಲ. ಬಹಿಷ್ಕಾರ ಬೀಳುವುದಕ್ಕೆ ಮುಂಚೆ ನಮಗೆ ಎರಡು ದಿನ ಸಿಕ್ಕಿತ್ತು. ಎರಡೂ ದಿನ ನೀನು ಒಲೆ ನೋಡುತ್ತಾ ಕುಳಿತೆ. ನನಗೆ ಎಷ್ಟು ಸಿಟ್ಟು ಬಂದಿತ್ತು ಎಂದರೆ ನಿನ್ನ ಕೋಟನ್ನು ಒಗೆಯದೆ ಮೂಲೆಗೆ ಎಸೆದಿದ್ದೆ.

ಸಿಟ್ಟಿನ ಮಾತು ಬಂತು, ಹಾಗಾಗಿ ನನ್ನ ತಪ್ಪನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಯುದ್ಧ ಮುಗಿಯುವವರೆಗೆ ತಿಮಿಂಗಿಲದ ಹಡಗುಗಳು ಹೊರಡಬಾರದು ಎಂದು ಸರ್ಕಾರ ಅಪ್ಪಣೆ ಮಾಡಿ ಮೂರನೇ ಬೇಸಿಗೆ ಬಂದಾಗ, ನೀನು ಹಾರ್ನ್ ಪಟ್ಟಣಕ್ಕೆ ಹೋಗಿ ಬಂದು, ಯುದ್ಧದ ಹಡಗಿನಲ್ಲಿ ಪೀಪಾಯಿ ರಿಪೇರಿ ಮಾಡುವ ಕೆಲಸ ಸಿಕ್ಕಿತು ಎಂದೆ. ನಾನು ತಲೆಯಾಡಿಸಿದೆ. ಪೀಪಾಯಿ ರಿಪೇರಿ ಮಾಡುವವನಿಗೆ ಎದೆಗೆ ಅಡ್ಡ ಹಾಕುವ ಚರ್ಮದ ಪಟ್ಟಿ ಯಾಕೆ ಕೊಡುತ್ತಾರೆ? ಅದರಲ್ಲಿ ಬಂದೂಕಿನ ಮದ್ದಿನ ಕೊಳವೆ ತೂಗುಹಾಕುವ ಹನ್ನೆರಡು ಕುಣಿಕೆ ಯಾಕಿರುತ್ತವೆ? ನಿನ್ನ ಚೀಲ ತುಂಬಿದವಳು ನಾನು. ನೋಡಿದೆ, ತಿಳಿಯಿತು, ಮಡಿಸಿ ಒಳಗಿಟ್ಟೆ. ನಮ್ಮವರು ಆಯುಧ ಮುಟ್ಟುವವರಲ್ಲ, ಕಳ್ಳ ಮನೆಗೆ ನುಗ್ಗಿದರೂ ಕೋಲು ಎತ್ತುವವರಲ್ಲ. ಆದರೆ ನನಗೆ ಹಸಿವಾಗಿತ್ತು ವಾಲಿಕ್. ನೀನು ಸೆಪ್ಟೆಂಬರಿನಲ್ಲಿ ಬಂದ ಮೇಲೆ ಗೆರ್ಬ್ರಾಂಡ್ ನನ್ನನ್ನು ಪಕ್ಕಕ್ಕೆ ಕರೆದು, "ನಿಂಗೆ ಮೊದ್ಲೇ ಗೊತ್ತಿತ್ತೇನಮ್ಮಾ?" ಎಂದು ಕೇಳಿದಾಗ, "ದೇವರಾಣೆ ಗೊತ್ತಿರ್ಲಿಲ್ಲ ಅಣ್ಣ" ಎಂದೆ. ನಮ್ಮಲ್ಲಿ ಆಣೆ ಇಡುವುದೂ ತಪ್ಪು ಎಂದು ಆಮೇಲೆ ನೆನಪಾಯಿತು.

ನಿನ್ನನ್ನು ಅವರು ಕೇಳಿದ್ದೂ ನನಗೆ ಕೇಳಿಸಿತು, ಬಾಗಿಲ ಹಿಂದೆಯೇ ಇದ್ದೆ. "ಎಷ್ಟು ಜನಾನ ಕೊಂದೆ?" ಎಂದರು. "ಯಾರನ್ನೂ ಇಲ್ಲ. ನಾನು ಒಂದು ಸಲಾನೂ ಬಂದೂಕಿನ ಕುದುರೆ ಎಳೀಲಿಲ್ಲ. ಬರೀ ತುಂಬಿಸಿ ಕೊಡ್ತಿದ್ದೆ," ಎಂದೆ ನೀನು. "ತುಂಬಿಸಿ ಕೊಟ್ಟಿದ್ದು ಏನು, ಹಾಲಾ?" ಎಂದರು ಅವರು. ಎದ್ದು ನಿಂತು ಸಹೋದರರ ಮುಂದೆ ರಕ್ತದ ಪಾಪ ಒಪ್ಪಿಕೋ, ಎಲ್ಲರೂ ಕ್ಷಮಿಸುತ್ತಾರೆ, ಮುಂದಿನ ಭಾನುವಾರವೇ ನಿನ್ನ ಜಾಗದಲ್ಲಿ ಬಂದು ಕೂತುಕೋ ಎಂದು ಎಷ್ಟು ಅಂಗಲಾಚಿದರು. ಅವರು ಕೆಟ್ಟವರಲ್ಲ. ಆ ಮುದುಕನ ಕಣ್ಣಲ್ಲಿ ನೀರಿತ್ತು. ನೀನು ಮಾತ್ರ, "ಮಾಡದ್ದನ್ನ ಮಾಡ್ದೆ ಅನ್ನಲ್ಲ," ಎಂದು ಹೇಳಿ ಬಾಯಿ ಮುಚ್ಚಿದವನು ಮತ್ತೆ ತೆರೆಯಲಿಲ್ಲ. ನಾನು ಅದನ್ನು ಹಟ ಎಂದುಕೊಂಡೆ.

ಈಗ ಕೋಟಿನ ವಿಷಯ.

ನೀನು ಕೊಟ್ಟಿಗೆಗೆ ಹೋಗಿ ಮೂರು ವಾರ ಆದ ಮೇಲೆ ಚಳಿ ಶುರುವಾಯಿತು. ಸಿಟ್ಟು ಇಳಿದಿರಲಿಲ್ಲ, ಆದರೂ ಚಳಿಯಲ್ಲಿ ಸಾಯಲಿ ಅನ್ನಿಸಲಿಲ್ಲ. ಕೋಟು ಹೊಲಿದು ಹಲಗೆಯ ಮೇಲಿಡೋಣ ಎಂದು ತೆಗೆದೆ. ಕೆಳಗಿನ ಅಂಚು ಭಾರವಾಗಿತ್ತು. ಹೊಲಿಗೆ ನೋಡಿದರೆ ಬಲೆ ಹೊಲಿಯುವವನ ಹೊಲಿಗೆ, ಎರಡು ಸುತ್ತಿನ ಗಂಟು, ಅಂದರೆ ನಿನ್ನದೇ. ಮುಚ್ಚಿದ ಮಡಕೆ, ನಾನು ಬಿಡುತ್ತೇನೆಯೇ? ಬಿಚ್ಚಿದೆ. ಸೀಸದ ಗುಂಡುಗಳು ನೆಲದ ತುಂಬಾ ಉರುಳಿದವು. ಬೆಕ್ಕು ಒಂದಾದ ಮೇಲೊಂದರ ಹಿಂದೆ ಓಡಿತು. ಎಲ್ಲಾ ಹುಡುಕಿ ಎಣಿಸಿದೆ, ಹನ್ನೊಂದು. ಮಂಚದ ಕೆಳಗೆ ಹೊಕ್ಕು ಎರಡು ಸಲ ನೋಡಿದೆ, ಹನ್ನೆರಡನೆಯದು ಇರಲಿಲ್ಲ.

ಮೊದಲು, ಬಲೆಗೆ ಕಟ್ಟುವ ತೂಕಕ್ಕೆ ಆಗುತ್ತದೆ ಎಂದು ಕದ್ದು ತಂದಿದ್ದೀಯ ಅಂದುಕೊಂಡೆ. ಆದರೆ ಕಿಟಕಿಯ ಬೆಳಕಿಗೆ ಹಿಡಿದಾಗ ನನಗೆ ತಲೆ ಚಿಟ್ಟು ಹಿಡಿಯಿತು. ಪ್ರತಿಯೊಂದರ ಮೇಲೂ ಹಲ್ಲಿನ ಗುರುತು! ಯಾರಾದರೂ ಸೀಸ ಕಚ್ಚುತ್ತಾರೆಯೇ? ಅದೂ ನಿನ್ನ ಹಲ್ಲು. ಮೇಲಿನ ಸಾಲಿನ ಆ ಮುರುಕು ಹಲ್ಲಿನ ಗುರುತನ್ನು ನಾನು ಏಳು ವರ್ಷ ಚೀಸಿನ ತುಂಡುಗಳ ಮೇಲೆ ನೋಡಿದ್ದೇನೆ. ಹತ್ತರ ಮೇಲೆ ಗುರುತು ಸಣ್ಣದು. ಒಂದರಲ್ಲಿ ಮಾತ್ರ ಹಲ್ಲು ಎಷ್ಟು ಆಳಕ್ಕೆ ಇಳಿದಿತ್ತು ಎಂದರೆ ಗುಂಡು ಹೆಚ್ಚುಕಡಿಮೆ ಎರಡು ಹೋಳಾಗಿತ್ತು.

ಅದಾದ ಮೇಲೆ ನನಗೆ ಊಟ ಸೇರಲಿಲ್ಲ. ನಿನ್ನನ್ನು ಕೇಳುವ ಹಾಗಿಲ್ಲ. ಗೆರ್ಬ್ರಾಂಡರನ್ನು ಕೇಳಿದರೆ, ಆ ಪಾಪದ ವಸ್ತುವನ್ನು ಕಾಲುವೆಗೆ ಎಸಿ ಎನ್ನುತ್ತಾರೆ. ಕೊನೆಗೆ, ನೀನು ಬಂದ ದಿನ ಬಾಯಿ ತಪ್ಪಿ ಹೇಳಿದ ಒಂದು ಹೆಸರು ನೆನಪಾಯಿತು: ಯೋಸ್ಟ್, ಹಾರ್ನಿನ ಚೀಸ್ ತೂಗುವ ಕಟ್ಟೆಯಲ್ಲಿ ಹೊರುವವನು, ನಿನ್ನ ಜೊತೆ ಇದ್ದ ಬಂದೂಕಿನವನು. ಮಂಗಳವಾರ, ನೂಲು ತರಲು ಹೋಗುತ್ತೇನೆ ಎಂದು ಪಕ್ಕದ ಮನೆಯವರಿಗೆ ಹೇಳಿ, ಬೆಳಗಿನ ದೋಣಿ ಹತ್ತಿದೆ. ನೂಲೂ ತಂದಿದ್ದೇನೆ, ಪೂರ್ತಿ ಸುಳ್ಳಲ್ಲ.

ಯೋಸ್ಟನನ್ನು ಹುಡುಕುವುದು ಕಷ್ಟವಾಗಲಿಲ್ಲ. ಕಟ್ಟೆಯ ಮೇಲೆ ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವನೇ ಅವನು. ವಾಲಿಕನ ಹೆಂಡತಿ ಎಂದ ಕೂಡಲೇ ಚೀಸಿನ ಹೊರೆ ಇಳಿಸಿ ಬಂದ. "ಏನ್ ತಂಗಿ, ಗಂಡ ಬದುಕಿರೋವಾಗ್ಲೇ ತನಿಖೆಗೆ ಬಂದ್ಯಾ? ಹೆಂಡ್ತೀರು ಸತ್ತ ಮೇಲೆ ಬರೋದು ವಾಡಿಕೆ," ಎಂದು ನಕ್ಕ. ಒಳಗೆ ಕೂರಿಸಿ ಬೆಚ್ಚಗಿನ ಬಿಯರು ಕೊಟ್ಟ. ನಾನು ನನಗೆ ತೋಚಿದ್ದೆಲ್ಲ ಕೇಳಿದೆ. ಸಮುದ್ರದ ಮೇಲೆ ನೆಲದ ಸೈನಿಕನಿಗೆ ಏನು ಕೆಲಸ? ಎಲ್ಲಿ ಮಲಗುತ್ತೀರಿ? ಅವನು ಒಂದಕ್ಕೆ ನಾಲ್ಕು ಹೇಳಿದ. ನಿನಗಿಂತ ವಾಸಿ.

"ಹಡಗಿನ ಮೇಲೆ ನಾವಿಕರು ನಮ್ಮನ್ನ ಮನುಷ್ಯರು ಅಂತ ಲೆಕ್ಕಕ್ಕೆ ಇಡಲ್ಲ ತಂಗಿ," ಎಂದ. "ಉಪ್ಪು ಮಾಂಸದ ಪೀಪಾಯಿನಾದ್ರೂ ತಿನ್ಬೋದು, ನಿಮ್ಮನ್ನ ಏನ್ ಮಾಡೋದು ಅಂತಿದ್ರು. ಹಗ್ಗ ಮುಟ್ಟಿದ್ರೆ, ಬಿಡೋ ಗಂಟು ಹಾಳ್ಮಾಡ್ತೀಯ ಅಂತ ಬೈಗುಳ. ಮುಟ್ಟದಿದ್ರೆ ಸೋಮಾರಿ ಅಂತ ಬೈಗುಳ. ನಿನ್ ಗಂಡ ಒಬ್ನೇ ಅವರ ಬಾಯಿ ಮುಚ್ಚಿಸಿದ್ದು. ಒಂದಿನ ಅವರ ಗಂಟನ್ನೆಲ್ಲ ಬಿಚ್ಚಿ, ಅವರಿಗೇ ಬರದಿರೋ ಗಂಟು ಹಾಕಿಟ್ಟ. ತಿಮಿಂಗಿಲದವನು ಅಂತ ಆಮೇಲೆ ಗೊತ್ತಾಯ್ತು."

ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಇದನ್ನಾದರೂ ನೀನು ಹೇಳಬಹುದಿತ್ತು.

"ಅಷ್ಟು ಬೇಡದಿದ್ರೆ ನಿಮ್ಮನ್ನ ಯಾಕೆ ಕರ್ಕೊಂಡ್ ಹೋಗ್ತಾರೆ?" ಎಂದೆ.

"ಹಡಗು ಕೋಟೆ ಹತ್ತಲ್ವಲ್ಲಾ! ಫಿರಂಗಿ ಗೋಡೆ ಉದುರಿಸುತ್ತೆ ಸರಿ, ಆಮೇಲೆ ಯಾರಾದ್ರೂ ಕೆಸರಿಗೆ ಇಳ್ದು ಹೋಗಿ ಆ ಗೋಡೆ ಒಳಗೆ ನಿಂತ್ಕೋಬೇಕು ತಾನೇ? ಆ ಯಾರಾದ್ರೂ ಅನ್ನೋರೇ ನಾವು. ಸಮುದ್ರದಲ್ಲಿ ಹಡಗಿಗೆ ಹಡಗು ತಾಗಿದ್ರೆ ಅವರ ಫಿರಂಗಿಯವರು ತಲೆ ಎತ್ತದ ಹಾಗೆ ಬಂದೂಕು ಹಾರಿಸ್ತಾ ಇರ್ಬೇಕು. ನೆಲ ಕಂಡ್ರೆ ಮೊದಲ ದೋಣಿ ನಮ್ದು. ಇಂಗ್ಲಿಷರ ನದಿಬಾಯಲ್ಲಿ ಅಷ್ಟು ದೊಡ್ಡ ದೊಡ್ಡ ಹಡಗು ಸುಟ್ವಲ್ಲ, ಊರೆಲ್ಲಾ ಗಂಟೆ ಹೊಡೆದ್ರಲ್ಲ, ಆ ನದಿಬಾಯಿ ಕಾಯೋ ಕೋಟೆ ನಮ್ ಕೈಗೆ ಬರದಿದ್ರೆ ಒಳಗೆ ಹೋಗೋರು ಯಾರು? ಹಾಡು ಮಾತ್ರ ನಾವಿಕರ ಮೇಲೆ ಕಟ್ಟಿದ್ರು."

ಆಮೇಲೆ ನಿಮ್ಮ ಮೂವರ ವಿಷಯಕ್ಕೆ ಬಂದ. ಗುರಿಕಾರ ಯೋಸ್ಟ್, ಅವನ ಹಿಂದೆ ಸೀವರ್ಟ್, ಅವನ ಪಕ್ಕ ನೀನು. ಮೂವರಿಗೆ ಮೂರು ಬಂದೂಕು, ಹೊಡೆಯುವವನು ಮಾತ್ರ ಒಬ್ಬನೇ. ಸೀವರ್ಟ್ ಮದ್ದು ಸುರಿದು ನಿನಗೆ ಕೊಡುವುದು, ನೀನು ಗುಂಡು ಹಾಕಿ ಚಿಂದಿ ತುರುಕಿ ಸಲಾಕೆಯಿಂದ ಜಡಿದು ಯೋಸ್ಟನಿಗೆ ಕೊಡುವುದು. ಹಾಗೆ ಮಾಡಿದರೆ ಒಬ್ಬ ಒಳ್ಳೆಯ ಗುರಿಕಾರ ಮೂವರಷ್ಟು ಹೊಡೆಯುತ್ತಾನಂತೆ. "ಗುಂಡು ಎಲ್ಲಿಟ್ಕೋತಾನೆ ಹೇಳು ನೋಡೋಣ?" ಎಂದು ನನ್ನನ್ನೇ ಕೇಳಿದ. ಜೇಬಿನಲ್ಲಿ ಎಂದೆ. ಬಿದ್ದು ಬಿದ್ದು ನಕ್ಕ. ತಟ್ಟೆಯಿಂದ ಗೋಲಿಯಂಥ ಒಂದು ಗಟ್ಟಿ ಕಾಯಿ ಎತ್ತಿ ಕೆನ್ನೆಯೊಳಗೆ ಹಾಕಿಕೊಂಡು, ಬಗ್ಗಿ ಖಾಲಿ ಲೋಟಕ್ಕೆ ಉಗುಳಿದ. "ಹೀಗೆ! ನಾಲ್ಕೈದು ಬಾಯಲ್ಲೇ ಇರ್ಬೇಕು. ಜೇಬಿಗೆ ಕೈ ಹಾಕೋಷ್ಟ್ರಲ್ಲಿ ಪ್ರಾಣ ಹೋಗಿರುತ್ತೆ. ಅದಕ್ಕೇ ತುಂಬಿಸೋರು ಯುದ್ಧದಲ್ಲಿ ಮಾತಾಡಲ್ಲ."

ನಾನು ನಗುತ್ತಲೇ ಇದ್ದೆ ವಾಲಿಕ್. ಹಲ್ಲಿನ ಗುರುತಿಗೆ ಕಾರಣ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಮೂರ್ಖಳು. ಬಾಯಲ್ಲಿದ್ದ ಗುಂಡು ಬಂದೂಕಿಗೆ ಹೋಗುವ ಬದಲು ಕೋಟಿನ ಅಂಚಿಗೆ ಯಾಕೆ ಹೋಯಿತು ಎಂದು ಆಗ ನನಗೆ ಹೊಳೆಯಲಿಲ್ಲ.

ಸೀವರ್ಟ್ ಈಗೆಲ್ಲಿದ್ದಾನೆ ಎಂದು ಕೇಳಿದೆ. ಯೋಸ್ಟನ ನಗು ನಿಂತಿತು.

"ನಾನು ಕೊಂದೆ ಅವನ್ನ," ಎಂದ. "ಹಾಗೇ ಅಂದ್ಕೋ. ದೋಣಿಯಿಂದ ಇಳ್ದು ಸೊಂಟದವರೆಗೆ ನೀರಲ್ಲಿ, ಬಂದೂಕು ತಲೆ ಮೇಲಿಟ್ಕೊಂಡು ನಡೆದ್ವಿ. ಕೆಸರಿನ ಏರಿ ಹಿಂದೆ ಮಂಡಿಯೂರಿ ಕೂತು ಹೊಡ್ಯೋಕೆ ಶುರು ಮಾಡ್ದೆ. ನಾನು ಎಂಥಾ ಗುರಿಕಾರ ಅಂತ ನಿನ್ ಗಂಡನ್ನ ಕೇಳು. ಅಂಥೋನು ಹನ್ನೊಂದು ಸಲ ಹೊಡ್ದೆ ತಂಗಿ, ಹನ್ನೊಂದು ಸಲ, ಒಬ್ನಾದ್ರೂ ಬೀಳ್ಬೇಡ್ವಾ? ಕೊನೆಗೆ ಒಬ್ಬ ಈಟಿಯವನು ನೇರ ನಮ್ ಕಡೇನೇ ಓಡಿ ಬಂದ. ಇಪ್ಪತ್ತು ಹೆಜ್ಜೇಲಿ ಹೊಡ್ದೆ, ಬೀಳ್ಲಿಲ್ಲ. ಹತ್ತು ಹೆಜ್ಜೇಲಿ ಹೊಡ್ದೆ. ಹತ್ತು ಹೆಜ್ಜೆ! ಅವನ ಗಡ್ಡದ ಕೂದಲು ಎಣಿಸ್ಬೋದಿತ್ತು. ಬೀಳ್ಲಿಲ್ಲ. ಸೀವರ್ಟ್ ಮದ್ದಿನ ಕೊಳವೆ ಹಿಡ್ಕೊಂಡು ಹಾಗೇ ನಿಂತಿದ್ದ, ಈಟಿ ಅವನ ಹೊಟ್ಟೆಗೆ ಹೋಯ್ತು. ಆ ಈಟಿಯವನನ್ನ ಪಕ್ಕದ ಸಾಲಿನೋರು ಕೆಡವಿದ್ರು. ಸೀವರ್ಟ್ ಸಂಜೆವರೆಗೂ ಬದುಕಿದ್ದ. ನಿನ್ ಗಂಡ ಅವನ ತಲೇನ ತೊಡೆ ಮೇಲಿಟ್ಕೊಂಡು ಕೂತಿದ್ದ."

ಆಮೇಲೆ ಇನ್ನೊಂದು ಮಾತು ಹೇಳಿದ. "ವಿಚಿತ್ರ ಏನ್ ಗೊತ್ತಾ, ಅವತ್ತು ನನ್ ಭುಜಾನೇ ನೋಯ್ಲಿಲ್ಲ. ಹನ್ನೊಂದು ಸಲ ಹೊಡೆದ್ರೆ ಮಾರನೇ ದಿನ ಕೈ ಎತ್ತೋಕಾಗಲ್ಲ, ಅಷ್ಟು ಒದೀತದೆ ಬಂದೂಕು. ಅವತ್ತು ಮಗೂ ಕೈ ಹಾಗೆ ಮೆತ್ತಗೆ ತಟ್ತಿತ್ತು. ಭಯಕ್ಕೆ ಮೈ ಮರಗಟ್ಟಿದೆ ಅಂದ್ಕೊಂಡೆ."

ಹನ್ನೊಂದು. ಲೋಟದಲ್ಲಿದ್ದ ಆ ಕಾಯಿಯನ್ನು ನೋಡುತ್ತಾ ಕೂತುಬಿಟ್ಟೆ. ನನ್ನ ಗಂಡ ಬಾಯಿಂದ ಏನನ್ನೂ ಉಗುಳಲಿಲ್ಲ, ಬಗ್ಗಿದ ಹಾಗೆ ಮಾಡಿ ಬರೀ ಚಿಂದಿ ತುರುಕಿ ಜಡಿದು ಕೊಟ್ಟ ಎಂದು ಅಲ್ಲೇ ಹೇಳಿಬಿಡಬೇಕಿತ್ತು. ಬದಲಿಗೆ ಬಿಯರಿನ ಲೋಟ ಖಾಲಿ ಮಾಡಿ ಎದ್ದೆ. ನಿನ್ನ ಮೇಲೆ ಇಟ್ಟ ವಿಶ್ವಾಸದಿಂದಲೋ, ಅವನ ಕೈಯ ಗಾತ್ರ ನೋಡಿದ ಭಯದಿಂದಲೋ, ನನಗೇ ತಿಳಿಯದು. ಇದನ್ನೂ ತಪ್ಪುಗಳ ಪಟ್ಟಿಗೆ ಸೇರಿಸಿಕೋ.

ಇಷ್ಟೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲವೇನೋ. ನೀನಾಗಿ ಹೇಳುವ ದಿನಕ್ಕೆ ಕಾಯುತ್ತಿದ್ದೆ. ಆದರೆ ನಾನು ಹೊರಡುವಾಗ ಯೋಸ್ಟ್ ನನ್ನನ್ನು ಬಾಗಿಲವರೆಗೆ ಬಿಟ್ಟು, ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಿನಲ್ಲಿ ದೂರಕ್ಕೆ ನೋಡಿದ. "ಆ ಚರ್ಚಿನ ತುದೀಲಿರೋ ತಗಡಿನ ಹುಂಜದ ಬಾಲ ಮುರಿದಿದೆ ನೋಡು," ಎಂದ. ನನಗೆ ಹುಂಜವೇ ಕಾಣಲಿಲ್ಲ. "ದೂರದ್ದೆಲ್ಲಾ ಕಾಣುತ್ತೆ. ಆದ್ರೂ ಹನ್ನೊಂದು ಸಲ ಗುರಿ ತಪ್ಪಿತಲ್ಲ, ಈ ಕಣ್ಣೊಳಗೆ ಏನೋ ವಕ್ರ ಆಗಿದೆಯಂತೆ. ಕಣ್ಣಿಗೆ ಸೂಜಿ ಹಾಕೋ ವೈದ್ಯ ಮುಂದಿನ ಮಂಗಳವಾರದ ಸಂತೆಗೆ ಬರ್ತಾನೆ. ಸೂಜಿಯಿಂದ ಒಳಗಿನ ಪೊರೆ ಕೆಳಕ್ಕೆ ತಳ್ಳಿದ್ರೆ ಸರಿಹೋಗುತ್ತೆ ಅಂದಿದ್ದಾನೆ. ಹೋಗದಿದ್ರೆ ಕುರುಡು, ಅಷ್ಟೇ ತಾನೆ? ಸೀವರ್ಟನ ಹೆಂಡ್ತಿ ಮುಖಾನ ಆ ಕಣ್ಣಲ್ಲಿ ನೋಡೋದಾದ್ರೂ ತಪ್ಪುತ್ತೆ," ಎಂದ.

ವಾಲಿಕ್, ಆ ಕಣ್ಣಿಗೆ ಏನೂ ಆಗಿಲ್ಲ! ನನ್ನದಕ್ಕಿಂತ, ನಿನ್ನದಕ್ಕಿಂತ ಒಳ್ಳೆಯ ಕಣ್ಣು ಅದು. ಬರುವ ಮಂಗಳವಾರ ಅವನು ಕಂಬಕ್ಕೆ ತಲೆ ಕಟ್ಟಿಸಿಕೊಂಡು ಕೂತು, ಒಳ್ಳೆಯ ಕಣ್ಣಿಗೆ ಸೂಜಿ ಚುಚ್ಚಿಸಿಕೊಳ್ಳುತ್ತಾನೆ. ಅದು ಯಾಕೆ ಬೇಡ ಎಂದು ಈ ಲೋಕದಲ್ಲಿ ಬಲ್ಲವರು ಇಬ್ಬರೇ, ನೀನು ಮತ್ತು ನಾನು.

ದೋಣಿಯಲ್ಲಿ ಮನೆಗೆ ಬರುವಾಗ ಪೂರ್ತಿ ದಾರಿ ನಿನ್ನನ್ನೇ ಯೋಚಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನೀನು ಹೊರಟೆ. ಸೈನಿಕನ ಅನ್ನ ತಿನ್ನಬೇಕು, ಕೊಲ್ಲಬೇಡ ಎಂಬ ದೇವರ ಆಜ್ಞೆಯನ್ನೂ ಉಳಿಸಿಕೊಳ್ಳಬೇಕು. ಇದು ನಮ್ಮವರೇ ಮಾಡುವಂಥ ತಪ್ಪು. ಬೇರೆ ಯಾರ ಮನಸ್ಸಿಗೂ ಬರುವುದಿಲ್ಲ. ನಡುವೆ ಸೀವರ್ಟ್ ಸತ್ತ. ನೀನು ಗುಂಡು ಹಾಕಿದ್ದರೆ ಆ ಈಟಿಯವನ ಹೆಂಡತಿ ಅಳುತ್ತಿದ್ದಳು, ಹಾಕದೆ ಸೀವರ್ಟನ ಹೆಂಡತಿ ಅತ್ತಳು, ಈಟಿಯವನೂ ಕೊನೆಗೆ ಉಳಿಯಲಿಲ್ಲ. ಯಾವುದು ಸರಿ ಎಂದು ನನ್ನನ್ನು ಕೇಳಬೇಡ. ತೀರ್ಪು ಕೊಡಲು ನಾನು ಹಿರಿಯಳಲ್ಲ, ನನಗೆ ತಿಳಿದುಕೊಳ್ಳುವ ಆಸೆ ಮಾತ್ರ. ಮೊದಲ ಗುಂಡನ್ನು ಉಗುಳದೆ ಇಟ್ಟುಕೊಂಡಾಗ ನಿನಗೆ ಏನನ್ನಿಸಿತು? ಸಮಾಧಾನವೇ? ಅವನು ಹತ್ತು ಹೆಜ್ಜೆಗೆ ಬಂದಾಗ, ಹನ್ನೊಂದನೆಯದು ನಾಲಿಗೆಯ ಮೇಲೆ ಇತ್ತಲ್ಲ, ಆಗ ಏನನ್ನಿಸಿತು? ಆ ಎರಡು ಹೋಳಾದ ಗುಂಡನ್ನು ನಾನು ಬೆರಳಿನಿಂದ ಎಷ್ಟು ಸಲ ಸವರಿದ್ದೇನೋ. ಸೀಸವನ್ನು ಅಷ್ಟು ಕಚ್ಚಲು ದವಡೆ ಎಷ್ಟು ಬಿಗಿಯಬೇಕು! ಅದನ್ನು ಹಿಡಿದುಕೊಂಡು ನಾನು ಅತ್ತೆ. ನಿನ್ನ ಮೇಲಿನ ಸಿಟ್ಟೆಲ್ಲ ಅವತ್ತು ಕರಗಿಹೋಯಿತು.

ಗೆರ್ಬ್ರಾಂಡರ ಮುಂದೆ ನೀನು ಬಾಯಿ ಬಿಡದೇ ಇದ್ದದ್ದೂ ಈಗ ಅರ್ಥವಾಯಿತು. ಬಿಟ್ಟಿದ್ದರೆ ಅವರು ನಿನ್ನನ್ನು ತಬ್ಬಿಕೊಳ್ಳುತ್ತಿದ್ದರು. ಯುದ್ಧದ ನಡುವೆಯೂ ಶತ್ರುವನ್ನು ಉಳಿಸಿದ ಸಹೋದರ ಎಂದು ಊರೂರಿನ ಸಭೆಗಳಲ್ಲಿ ನಿನ್ನ ಕಥೆ ಹೇಳುತ್ತಿದ್ದರು. ಸೀವರ್ಟನ ಸಾವಿಗೆ ಹೊಗಳಿಸಿಕೊಳ್ಳಲು ನಿನ್ನಿಂದ ಆಗಲಿಲ್ಲ, ಅಲ್ಲವೇ? ನನ್ನ ಗಂಡ ಹಟಮಾರಿ ಎಂದು ಎರಡು ತಿಂಗಳು ಬೈದುಕೊಂಡೆನಲ್ಲ, ಕ್ಷಮಿಸು.

ಆದರೂ ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಂಡರೂ ಚಿಂತೆಯಿಲ್ಲ. ಗೆರ್ಬ್ರಾಂಡರಿಗೆ ನೀನು ಏನನ್ನೂ ಹೇಳಬೇಕಾಗಿಲ್ಲ. ಯೋಸ್ಟನಿಗೆ ಹೇಳಬೇಕು. ಮಂಗಳವಾರಕ್ಕೆ ಮುಂಚೆ, ನಿನ್ನ ಬಾಯಿಂದಲೇ, ಗುಂಡುಗಳನ್ನು ಅವನ ಮುಂದೆ ಇಟ್ಟು ಹೇಳಬೇಕು. ಅವನು ನಿನ್ನ ಕತ್ತು ಹಿಸುಕಬಹುದು. ದೂರು ಕೊಟ್ಟರೆ ಸೈನ್ಯದವರು ನಿನ್ನನ್ನು ನೇಣಿಗೆ ಹಾಕಲೂಬಹುದು. ಇದೆಲ್ಲ ಯೋಚಿಸದೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಆದರೆ ಶತ್ರುವನ್ನು ಉಳಿಸಲು ಅಷ್ಟು ಕಷ್ಟಪಟ್ಟವನು ಸ್ನೇಹಿತನ ಕಣ್ಣು ಕೀಳಿಸಿದರೆ, ನಿನ್ನ ಜೊತೆ ಒಂದೇ ಮೇಜಿನಲ್ಲಿ ಕೂರುವ ಆಸೆ ನನಗೂ ಉಳಿಯುವುದಿಲ್ಲ. ನೀನು ಹೋಗದಿದ್ದರೆ ನಾನೇ ಹೋಗುತ್ತೇನೆ. ನನ್ನ ಬಾಯಿಂದ ಕೇಳಿದರೆ ಅವನಿಗೆ ಎರಡು ಪಟ್ಟು ನೋವಾಗುತ್ತದೆ ಎಂದು ನಿನಗೂ ಗೊತ್ತು.

ಕೋಟು ಹೊಲಿದಿದ್ದೇನೆ. ಅಂಚು ಈಗ ಹಗುರ.

ಇಂತಿ, ಏಳು ವರ್ಷ ನಿನ್ನ ತಿಮಿಂಗಿಲಗಳ ಕಥೆ ಕೇಳಿದ, ಇನ್ನೂ ಕೇಳುವುದು ಮುಗಿಯದ,
ದೀವೆರ್

ಮರೆತ ಮಾತು: ಭಾನುವಾರ ಮಧ್ಯಾಹ್ನ ಬರೆಯುತ್ತಿದ್ದೇನೆ. ಗುರುವಾರವೇ ಈ ಕಾಗದವನ್ನು ನಿನ್ನ ಬಟ್ಟಲಿನ ಕೆಳಗೆ ಇಡಬೇಕಿತ್ತು. ಎರಡು ಸಲ ಹಲಗೆಯವರೆಗೆ ಹೋಗಿ ವಾಪಸ್ ಬಂದೆ. ಈಚೆ ದಡದಲ್ಲಿ ಒಳ್ಳೆಯವಳಾಗಿ ಕೂತು, ಆಚೆ ದಡದವನನ್ನು ನೇಣಿಗೂ ಹೆದರಬೇಡ ಹೋಗು ಎನ್ನುವುದು ಸುಲಭ. ಅದಕ್ಕೆ ನನಗೆ ನಾಚಿಕೆಯಾಯಿತು. ಈ ಬೆಳಿಗ್ಗೆ ಸಭೆಯಲ್ಲಿ ಗೆರ್ಬ್ರಾಂಡ್, "ವಾಲಿಕನ ಪರವಾಗಿ ಯಾರಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದರು. ಹನ್ನೊಂದು ಗುಂಡುಗಳೂ ನನ್ನ ಜೇಬಿನಲ್ಲಿದ್ದವು. ತೆಗೆದಿಟ್ಟಿದ್ದರೆ ನೀನು ಈ ರಾತ್ರಿಯೇ ಮನೆಯಲ್ಲಿರುತ್ತಿದ್ದೆ. ತೆಗೆಯಲಿಲ್ಲ. ಎದ್ದು ನಿಂತು, ಅವನು ಸೈನಿಕನಾಗಿ ಹೋಗುತ್ತಿದ್ದಾನೆ ಎಂದು ನನಗೆ ಮೊದಲೇ ಗೊತ್ತಿತ್ತು, ಅವನ ಚೀಲ ತುಂಬಿದವಳೇ ನಾನು, ಸುಳ್ಳು ಹೇಳಿದೆ, ಸುಳ್ಳಿಗೆ ಪಶ್ಚಾತ್ತಾಪವಿದೆ, ಆದರೆ ಇನ್ನು ಮೇಲೆ ಅವನನ್ನು ದೂರ ಇಡಲು ನನ್ನಿಂದ ಆಗುವುದಿಲ್ಲ ಎಂದೆ. ಗೆರ್ಬ್ರಾಂಡ್ ಎದ್ದು ನನ್ನ ಹತ್ತಿರ ಬಂದರು. "ಹಾಗನ್ಬೇಡಮ್ಮಾ, ಆ ಕೊನೇ ಮಾತೊಂದನ್ನ ವಾಪಸ್ ತಗೋ," ಎಂದರು. ತೆಗೆದುಕೊಳ್ಳಲಿಲ್ಲ. ಬಹಿಷ್ಕಾರದ ಪಟ್ಟಿಗೆ ಸೇರಿಸಿ ನನ್ನ ಹೆಸರನ್ನೂ ಓದಿದರು.

ಮನೆಗೆ ಬರುತ್ತಾ ದಾರಿಯಲ್ಲಿ ಅತ್ತೆ. ಸೇತುವೆ ದಾಟುವಾಗ ಒಂದು ವಿಷಯ ಹೊಳೆದು ನಗು ಬಂತು. ಬಹಿಷ್ಕಾರ ಬಿದ್ದವರ ಜೊತೆ ಸಭೆಯವರು ಉಣ್ಣಬಾರದು ಎಂದು ಬರೆದಿದೆ. ಬಹಿಷ್ಕಾರ ಬಿದ್ದ ಇಬ್ಬರು ಒಟ್ಟಿಗೆ ಉಣ್ಣಬಾರದು ಎಂದು ಎಲ್ಲೂ ಬರೆದಿಲ್ಲ. ದೋಣಿಯಲ್ಲಿ ಒಂದೇ ಹಲಗೆಯ ಮೇಲೆ ಕೂರಬಾರದು ಎಂದೂ ಬರೆದಿಲ್ಲ. ನಾಳೆ ಬೆಳಗಿನ ದೋಣಿಗೆ ಹಾರ್ನಿಗೆ ಇಬ್ಬರೂ ಹೋಗೋಣ. ಯೋಸ್ಟ್ ಏನು ಮಾಡಿದರೂ ನನ್ನೆದುರಿಗೇ ಮಾಡಲಿ.

ಬಟಾಣಿ ಸೂಪು ಒಲೆಯ ಮೇಲಿದೆ. ಎರಡು ತಟ್ಟೆ ಹಾಕಿದ್ದೇನೆ. ಹಿತ್ತಲಿನಿಂದ ನುಸುಳಿ ಬರಬೇಡ, ಬೀದಿಯ ಬಾಗಿಲಿನಿಂದ ಬಾ.